ಮೈಲುತುತ್ತದ ತಾಮ್ರ ಎಲ್ಲಿಂದ ಬರುತ್ತದೆ? ಅದನ್ನು ತೆಗೆಯುವಲ್ಲಿ ನೀರು, ಮಣ್ಣಿಗೆ ಏನಾಗುತ್ತದೆ?

ಪ್ರಶ್ನೆ: ವಿರಾಜಪೇಟೆ ಕಡೆಯ ಬೆಳೆಗಾರ

ಮಳೆ ಹಿಡಿಯುವ ಮೊದಲು ಕಾಫಿಯ ಎಲೆತುಕ್ಕು ರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ನಾವು ಪ್ರತಿವರ್ಷ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಈ ಸಲ ಐವತ್ತು ಕಿಲೋ ಮೈಲುತುತ್ತದ ಚೀಲ ಬಿಚ್ಚುವಾಗ, ಪಿಯುಸಿ ಓದುತ್ತಿರುವ ಮಗಳು ಇದರಲ್ಲಿರುವ ತಾಮ್ರವನ್ನು ಕಲ್ಲಿನಿಂದ ಹೇಗೆ ಬೇರ್ಪಡಿಸುತ್ತಾರೆ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಕೆಲಸದಿಂದ ಅಲ್ಲಿನ ಹೊಳೆ, ಮಣ್ಣಿಗೆ ಆಗುವ ಹಾನಿಯನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಮಡಿಕೇರಿಯ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ

ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಅಂದರೆ ನಿಮ್ಮ ಚೀಲದಲ್ಲಿ ಹನ್ನೆರಡೂವರೆ ಕಿಲೋ. ಇಂದು ಅಗೆಯುವ ಅದಿರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಭಾಗ, ಎಷ್ಟೋ ಕಡೆ ಅದಕ್ಕೂ ಕಡಿಮೆ ತಾಮ್ರವಿರುವುದರಿಂದ, ಅಷ್ಟನ್ನು ಪಡೆಯಲು ಒಂದೂಕಾಲು ಟನ್ನಿಗಿಂತ ಹೆಚ್ಚು ಕಲ್ಲನ್ನು ಪುಡಿ ಮಾಡಬೇಕಾಗುತ್ತದೆ. ಮಧ್ಯಪ್ರದೇಶದ ಮಲಾಂಜ್‌ಖಂಡ್ ಮತ್ತು ರಾಜಸ್ಥಾನದ ಖೇತ್ರಿ ನಮ್ಮ ದೇಶದ ಮುಖ್ಯ ತಾಮ್ರದ ಗಣಿಗಳು. ನಮ್ಮ ರಾಜ್ಯದಲ್ಲಿಯೂ ಚಿತ್ರದುರ್ಗದ ಇಂಗಳದಾಳಿನಲ್ಲಿ ಹಿಂದೆ ತಾಮ್ರ ತೆಗೆಯುತ್ತಿದ್ದರು.

ಚಾಲ್ಕೊಪೈರೈಟ್‌ನಂಥ ಗಂಧಕಯುಕ್ತ ಅದಿರನ್ನು ನುಣ್ಣಗೆ ಅರೆದು, ನೀರು ಮತ್ತು ಕೆಲವು ರಾಸಾಯನಿಕಗಳೊಡನೆ ಕಲಕಿ ಗಾಳಿ ಊದಿದಾಗ, ತಾಮ್ರದ ಕಣಗಳು ನೊರೆಗೆ ಅಂಟಿಕೊಂಡು ಮೇಲೆ ಬರುತ್ತವೆ. ಹೀಗೆ ಸಿಕ್ಕ ಸಾರದಲ್ಲಿ ಶೇ. 25ರಿಂದ 30ರಷ್ಟು ತಾಮ್ರವಿರುತ್ತದೆ. ಅದನ್ನು ಕುಲುಮೆಯಲ್ಲಿ ಕರಗಿಸಿ ಕಬ್ಬಿಣವನ್ನು ಕಿಟ್ಟವಾಗಿ ತೆಗೆದು, ಕೊನೆಗೆ ವಿದ್ಯುತ್ ಹಾಯಿಸಿ ಶೇ. 99.99ರಷ್ಟು ಶುದ್ಧಗೊಳಿಸುತ್ತಾರೆ. ಕುಲುಮೆಯಿಂದ ಹೊಮ್ಮುವ ಸಲ್ಫರ್ ಡೈಆಕ್ಸೈಡ್ ಅನ್ನು ಹಿಡಿದು ಗಂಧಕಾಮ್ಲವನ್ನಾಗಿಸದಿದ್ದರೆ ಅದು ಆಮ್ಲಮಳೆಯಾಗಿ ಇಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಹೊಗೆಗಿಂತ ದೊಡ್ಡ ಚಿಂತೆ, ನೊರೆ ತೆಗೆದ ಮೇಲೆ ಉಳಿಯುವ ಹೂಳು. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಹೂಳು ಇಂದಿಗೂ ತುಂಬಿಕೊಂಡಿರುವುದನ್ನು ಮಲೆನಾಡಿನವರೆಲ್ಲ ಬಲ್ಲರು. ತಾಮ್ರದ ಹೂಳಿನಲ್ಲಾದರೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಕೂಡ ಇರುತ್ತದೆ. ಅದು ಗಾಳಿ, ನೀರು ತಾಗಿದಾಗ ಆಮ್ಲವನ್ನು ಹುಟ್ಟಿಸಿ, ಗಣಿ ಮುಚ್ಚಿ ದಶಕಗಳಾದರೂ ಲೋಹಗಳನ್ನು ಕರಗಿಸಿ ಹೊಳೆಗೆ ಸೇರಿಸುತ್ತಲೇ ಇರುತ್ತದೆ.

ಉತ್ತರ 2: ಸೋಮವಾರಪೇಟೆಯ ಬೆಳೆಗಾರ್ತಿ

ಸರ್ ಹೇಳಿದ್ದಕ್ಕೆ ಇನ್ನೊಂದು ವಿಧಾನವನ್ನು ಸೇರಿಸುತ್ತೇನೆ. ಆಕ್ಸೈಡ್ ಅದಿರನ್ನು ಕುಲುಮೆಗೆ ಹಾಕದೆ, ರಾಶಿ ಮಾಡಿ ಮೇಲಿನಿಂದ ದುರ್ಬಲ ಗಂಧಕಾಮ್ಲವನ್ನು ಹನಿಸಿ, ಕೆಳಗಿಳಿದ ನೀಲಿ ದ್ರಾವಣದಿಂದ ತಾಮ್ರವನ್ನು ಪಡೆಯುತ್ತಾರೆ. ಹೊಗೆ ಇಲ್ಲ ನಿಜ, ಆದರೆ ರಾಶಿಯ ಅಡಿಯ ಹಾಸು ಹರಿದರೆ ಆಮ್ಲ ನೇರವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. 2014ರ ಆಗಸ್ಟಿನಲ್ಲಿ ಮೆಕ್ಸಿಕೋದ ಸೊನೋರಾದಲ್ಲಿ ಒಂದು ಗಣಿಯಿಂದ ಸುಮಾರು ನಾಲ್ಕು ಕೋಟಿ ಲೀಟರ್ ಆಮ್ಲೀಯ ಮೈಲುತುತ್ತದ ದ್ರಾವಣ ನದಿಗೆ ಹರಿದಿತ್ತು.

ರಾಶಿಯಿಂದ ಇಳಿದ ನೀಲಿ ದ್ರಾವಣಕ್ಕೆ ಗುಜರಿ ಕಬ್ಬಿಣ ಹಾಕಿ ತಾಮ್ರ ಪಡೆಯುವ ಹಳೆಯ ಕ್ರಮವನ್ನು ನಿಮ್ಮ ಮಗಳು ತೋಟದಲ್ಲೇ ನೋಡಬಹುದು. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ನಾವು ಉಜ್ಜಿ ಹೊಳಪಿಸಿದ ಚಾಕುವನ್ನು ಬೋರ್ಡೋ ದ್ರಾವಣದಲ್ಲಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಆಗ ಅಲಗಿನ ಮೇಲೆ ಕೂರುವ ಕೆಂಪು ಲೇಪವೇ ತಾಮ್ರ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಕೆಲಸ ಮುಗಿದ ಸಂಜೆ ಡ್ರಮ್ಮುಗಳನ್ನು ಗದ್ದೆಯ ಮೇಲಿನ ತೋಡಿನಲ್ಲಿ ತೊಳೆಯುವುದು ಮೊದಲಿನಿಂದ ಬಂದ ರೂಢಿ. ಅದೂ ತಪ್ಪೇ?

ಉತ್ತರ 2 ಬರೆದವರು

ತಪ್ಪೇ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನ ಮೇಲ್ಪದರದಲ್ಲಿ ವರ್ಷದಿಂದ ವರ್ಷಕ್ಕೆ ಸಂಗ್ರಹವಾಗಿ ಎರೆಹುಳುಗಳನ್ನು ಬಾಧಿಸುತ್ತದೆ, ತೋಡಿಗೆ ಸೇರಿದರೆ ಮೀನುಗಳಿಗೆ ವಿಷವಾಗುತ್ತದೆ. ತೊಳೆದ ನೀರನ್ನು ಅದೇ ದಿನ ಉಳಿದ ಗಿಡಗಳಿಗೇ ಹೊಡೆದುಬಿಡಿ. ನಾವು ಅದಕ್ಕೆಂದೇ ತೋಡಿನಿಂದ ದೂರದ ಕೊನೆಯ ಎರಡು ಸಾಲು ಗಿಡಗಳನ್ನು ಬಿಟ್ಟಿರುತ್ತೇವೆ.