ಸಹಾಯ ಬೇಕು: ತಿಂಡಿ ತಿಂದು ಮೂರು ಗಂಟೆ ಆದ್ಮೇಲೆ ಶುಗರ್ ಇಳಿಯೋರ ಡಬ್ಬಿಗೆ ಏನು ಹಾಕೋದು?

ಅಮ್ಮನಿಗೆ ಡಯಾಬಿಟಿಸ್ ಇಲ್ಲ. ಆದರೂ ನಾಲ್ಕು ಇಡ್ಲಿ, ಸಕ್ಕರೆ ಕಾಫಿ ಆದ ಮೂರು ಗಂಟೆಗೆ ಕೈನಡುಕ, ಬೆವರು; ಮೀಟರಲ್ಲಿ 60ರ ಆಸುಪಾಸು. ಡಾಕ್ಟರ್ ಹೇಳಿದ್ದು ರಿಯಾಕ್ಟಿವ್ ಹೈಪೊಗ್ಲೈಸೀಮಿಯಾ, ಅಂದ್ರೆ ತಿಂದ ಕೆಲವು ಗಂಟೆಗಳಲ್ಲಿ ಶುಗರ್ ತೀರಾ ಇಳಿಯೋದು.

70ಕ್ಕಿಂತ ಇಳಿದರೆ 15 ಗ್ರಾಂ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡ್ತೀವಿ. ಚಾಕೊಲೇಟ್ ಆಗಲ್ಲ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ. ಸಕ್ಕರೆ ಕೊಟ್ಟು ಸುಮ್ಮನಾದ್ರೆ ಮತ್ತೆ ಇಳಿಯುತ್ತೆ, ಹಾಗಾಗಿ ಮೇಲೊಂದು ಮೊಟ್ಟೆ.

ಈಗ ಎರಡೇ ಇಡ್ಲಿ, ಜೊತೆಗೆ ಒಂದು ಬಟ್ಟಲು ಹೆಸರುಕಾಳು ಉಸಲಿ, ಸಕ್ಕರೆಯಿಲ್ಲದ ಕಾಫಿ. ರಾಗಿ ಗಂಜಿ ಕೊಡಿ ಅಂತ ಎಲ್ಲರ ಸಲಹೆ. ನುಣ್ಣನೆ ಹಿಟ್ಟಿನ ಗಂಜಿ ಬೇಗ ಏರಿಸಿ ಬೇಗ ಇಳಿಸುತ್ತೆ, ದಯವಿಟ್ಟು ಅದು ಬೇಡ.

11 ಗಂಟೆಗೆ ತಿನ್ನೋಕೆ, ಫ್ರಿಜ್ ಇಲ್ಲದೆ ಕೆಡದ, ಪ್ರೋಟೀನ್ ಇರೋ ಮೆತ್ತನೆ ತಿನಿಸು ಯಾವುದಿದೆ? ಶೇಂಗಾ, ಹುರಿಗಡಲೆ ಅಗಿಯೋಕೆ ಹಲ್ಲಿಲ್ಲ. ಅಳತೆ ಸಮೇತ ಹೇಳಿ.