ಭಾಮಿನಿ ಷಟ್ಪದಿಯೊಳಗ ದೊಡ್ಡ ಕವನ ಬರಿಯೂದು ಹೆಂಗ್ರಿ?

ಹೊಳಿದಂಡಿ (ಬಾಗಲಕೋಟೆ):
ನಮಸ್ಕಾರ್ರಿ. ಆಲಮಟ್ಟಿ ಹಿನ್ನೀರಿನಾಗ ಹಳೇ ಬಾಗಲಕೋಟೆಯ ಮುಳುಗಡೆ ಬಗ್ಗೆ ಭಾಮಿನಿ ಷಟ್ಪದಿಯೊಳಗ (ಆರು ಸಾಲಿನ ಪದ್ಯದ ಒಂದು ಬಗೆ) 200 ಸಾಲಿನ ಕಥನಕವನ ಬರಿಯೂದೈತಿ. ಐದಾರು ಪದ್ಯ ಆದಕೂಡ್ಲೆ ಹೇಳಿದ್ದನ್ನೇ ಹೇಳೂದು ಆಗತೈತಿ. ಇನ್ನೊಂದು, ಮಾತ್ರೆ (ಅಕ್ಷರ ನುಡಿಯೂ ಹೊತ್ತಿನ ಅಳತಿ) ಸರಿ ಇದ್ರೂ ಹಾಡಿದ್ರ ಎಡವತೈತಿ. ಮೊದಲ ಮೂರು ಸಾಲು:

ಹೊಳೆಯ ನೀರಿನ ಕೆಳಗೆ ಮಲಗಿದ
ಹಳೆಯ ಬಜಾರ ಮನೆಯ ಹೊಸ್ತಿಲು
ಎಳೆಯ ಬಿಸಿಲಿಗೆ ಬೇಸಿಗೆಯ ದಿನ ಮತ್ತೆ ತೋರುವುದು

ಗುಮ್ಮಟದೂರು (ವಿಜಯಪುರ):
ಎಡವೂದು ‘ಬಜಾರ’ದಾಗ ಅದ. ಲಘು-ಗುರು-ಲಘು (ಒಂದು, ಎರಡು, ಒಂದು ಮಾತ್ರೆ), ಲೆಕ್ಕಕ್ಕ ನಾಲ್ಕೇ ಮಾತ್ರೆ. ಆದ್ರ ಗಣದ (ಮಾತ್ರೆ ಗುಂಪಿನ) ಮೊದಲಿಗೇ ಲಘುವಿನ ಬೆನ್ನಿಗೆ ಗುರು ಬಂದ್ರ ನಡಿಗಿ ಕೆಡತದ. ಸಮಾಜ, ವಿಚಾರ, ವಿಕಾಸ ಎಲ್ಲಾ ಇದೇ ಜಾತಿ. ‘ಪೇಟೆಯ’ ಅಂತ ಹಾಕಿ ತಾಳ ಬಡಿದು ನೋಡ್ರಿ: ಹಳೆಯ | ಪೇಟೆಯ | ಮನೆಯ | ಹೊಸ್ತಿಲು, 3-4-3-4. ‘ಹೊಸ್ತಿಲು’ ಒಳಗಿನ ‘ಹೊ’ ಮುಂದ ಒತ್ತಕ್ಷರ ಇರೂದಕ್ಕ ಗುರು ಆಗತದ. ಮೂರನೇ ಸಾಲು ಸರಿ ಅದ: ಎಳೆಯ | ಬಿಸಿಲಿಗೆ | ಬೇಸಿ | ಗೆಯ ದಿನ | ಮತ್ತೆ | ತೋರುವು | ದು. ಕಡೀ ‘ದು’ ಪಾದಾಂತಕ್ಕ (ಸಾಲಿನ ಕೊನಿಗೆ) ಬಂದದ್ದು, ಅದನ್ನ ಗುರು ಅಂತ ಎಣಿಸಿದ್ರ ಆ ಸಾಲಿಗೆ ಬೇಕಾದ 23 ಮಾತ್ರೆ ತುಂಬತದ.

ಪ್ರಾಸ ಚಲೋ ಹಿಡದೀರಿ. ಆದ್ರ ಎರಡನೇ ಅಕ್ಷರವಾಗಿ ‘ಳ’ ಉಳಿದ ಮೂರೂ ಸಾಲಿಗೆ ಬೇಕು, ಮೊದಲ ಅಕ್ಷರನೂ ಹ್ರಸ್ವ ಇರಬೇಕು. ‘ಕಾಳು’, ‘ತೋಳು’ ನಡೆಯೂದಿಲ್ಲ. ಬರಿಯೂಕಿಂತ ಮೊದಲು ಹತ್ತು ಶಬ್ದ ಕೂಡಿಸಿ ಇಟ್ಕೊಳ್ರಿ: ಮಳೆ, ಬೆಳೆ, ಕಳೆ, ಸೆಳೆ, ತಿಳಿ... ಇಲ್ಲಾಂದ್ರ ಆರನೇ ಸಾಲಿನಾಗ ಪ್ರಾಸದ ಸಲುವಾಗಿ ಅರ್ಥ ಮುರೀಬೇಕಾಗತದ.

ಬೆಳಗಲಿ ರಸ್ತೆ (ಮುಧೋಳ):
ಛಂದಸ್ಸು ಮೇಲಿನವರು ಹೇಳಿದರು. ನಿಮ್ಮ ದೊಡ್ಡ ತೊಡಕು ಬೇರೆ: ಭಾವಗೀತೆಯನ್ನೇ ಜಗ್ಗಿ ಉದ್ದ ಮಾಡುತ್ತಿದ್ದೀರಿ. ದುಃಖವೊಂದೇ ಇದ್ದರೆ ಐದು ಪದ್ಯಕ್ಕೆ ಖರ್ಚಾಗುತ್ತದೆ, ಮುಂದೆ ನಡೆಯಲು ಘಟನೆ ಬೇಕು. 200 ಸಾಲು ಅಂದರೆ ಸುಮಾರು 34 ಷಟ್ಪದಿ. ಮೊದಲು ಗದ್ಯದಲ್ಲಿ 34 ಸಾಲು ಬರೆಯಿರಿ, ಪದ್ಯಕ್ಕೊಂದು: ನೋಟಿಸು ಬಂತು, ಮನೆ ಅಳೆದರು, ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹೇರಿದರು, ಹೀಗೆ. ಯಾವ ಸಾಲಿನಲ್ಲಿ ಏನೂ ಬದಲಾಗುವುದಿಲ್ಲವೋ ಅದನ್ನು ಹೊಡೆದು ಹಾಕಿ. ಸಮ ಪಾಲು ಮಾಡಬೇಡಿ. ಊರು ಬಿಡುವ ದಿನಕ್ಕೆ ಹನ್ನೆರಡು ಪದ್ಯ ಕೊಟ್ಟರೂ ನಡೆಯುತ್ತದೆ, ಪರಿಹಾರದ ಲೆಕ್ಕಕ್ಕೆ ಎರಡು ಸಾಕು.

ಶುರು ಎಲ್ಲಿಂದ? ನಮ್ಮೂರ ರನ್ನ 10ನೇ ಶತಮಾನದಲ್ಲೇ ದಾರಿ ತೋರಿಸಿದ್ದಾನೆ. ಗದಾಯುದ್ಧ ಕಾವ್ಯದಲ್ಲಿ ಅವನು ಕೊನೆಯ ಕಾಳಗ ಹಿಡಿದು, ಸಿಂಹಾವಲೋಕನ ಕ್ರಮದಲ್ಲಿ (ಹಿಂತಿರುಗಿ ನೋಡುತ್ತ) ಹಿಂದಿನ ಮಹಾಭಾರತದ ಕಥೆಯನ್ನೆಲ್ಲ ಹೇಳಿದ. ನೀವೂ ಆ ಹೊಸ್ತಿಲ ಮೇಲೇ ನಿಲ್ಲಿ. ನೀರು ಇಳಿದಾಗ ಕಂಡದ್ದು ಒಂದೊಂದೂ ಹಿಂದಿನ ಒಂದು ಘಟನೆಯನ್ನು ಎಳೆದು ತರಲಿ.

ಹೊಳಿದಂಡಿ:
ಮಾತುಕತೆ ಬಂದಲ್ಲಿ ಭಾಮಿನಿ ಬಿಗಿ ಆಗತೈತ್ರಿ. ಏನ್ ಮಾಡೂದು?

ಗುಮ್ಮಟದೂರು:
ಅಲ್ಲಿ ಸರಳ ರಗಳೆಗೆ ಹೊರಳ್ರಿ. ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ, ಪ್ರಾಸದ ಹಂಗಿಲ್ಲ, ವಾಕ್ಯ ಸಾಲು ದಾಟಿ ಹೋಗಬಹುದು. ಆದ್ರ ಪದ್ಯದ ನಡುವ ಹೊರಳಬ್ಯಾಡ್ರಿ, ಭಾಗ ಮುಗಿಸಿ ಹೊರಳ್ರಿ. ಮುಗಿದ ಮ್ಯಾಲೆ ‘ತಾ’, ‘ಮಿಗೆ’, ‘ಬಳಿಕ’ ಎಷ್ಟು ಸಲ ಬಂದಾವ ಎಣಿಸ್ರಿ. ಬರೇ ಮಾತ್ರೆ ತುಂಬಾಕ ಬಂದಿದ್ರ ಆ ಸಾಲು ಮತ್ತ ಕಟ್ರಿ.