ಸಹಾಯ ಬೇಕು: ಲರ್ನ್‌ಗೂ ಸ್ಟಡಿಗೂ ಇರೋ ವ್ಯತ್ಯಾಸ ಮಕ್ಕಳಿಗೆ ಹೆಂಗೆ ಹೇಳ್ಕೊಡೋದು?

ಎಲ್ರಿಗೂ ನಮಸ್ಕಾರ, ಇಂಗ್ಲಿಷ್ ಟೀಚರ್ಸ್ ಯಾರಾದ್ರೂ ಇದ್ರೆ ದಯವಿಟ್ಟು ನೋಡ್ರಿ. ದಾವಣಗೆರೆ ನಿಟ್ಟುವಳ್ಳೀಲಿ ಮನೇಲೇ ಟ್ಯೂಷನ್ ಹೇಳ್ತೀನಿ, ಎಲ್ಲಾ ಕನ್ನಡ ಮೀಡಿಯಂ ಹೈಸ್ಕೂಲ್ ಮಕ್ಕಳು. ಸ್ಟಡಿ ಅಂದ್ರೆ ಕೂತು ಓದೋ ಪ್ರಯತ್ನ, ಲರ್ನ್ ಅಂದ್ರೆ ಅದು ತಲೆಗೆ ಹತ್ತೋದು, ರಾತ್ರಿಯೆಲ್ಲಾ ಸ್ಟಡಿ ಮಾಡಿದ್ರೂ ಏನೂ ಲರ್ನ್ ಆಗದೇ ಇರಬಹುದು, ಸೈಕಲ್ ಹೊಡೆಯೋದನ್ನ ಲರ್ನ್ ಮಾಡ್ತೀವಿ ಸ್ಟಡಿ ಮಾಡಲ್ಲ ಅಂತ ಹೇಳಿದೆ, ಅಲ್ಲೀತನಕ ಚೆನ್ನಾಗಿ ಅರ್ಥ ಆಯ್ತು ಅವಕ್ಕೆ. ಆಮೇಲೆ ಒಬ್ಬ ಹುಡುಗಿ ಕೇಳಿದ್ಲು, ಮಿಸ್, ಐ ಆಮ್ ಸ್ಟಡಿಯಿಂಗ್ ಇಂಗ್ಲಿಷ್, ಐ ಆಮ್ ಲರ್ನಿಂಗ್ ಇಂಗ್ಲಿಷ್, ಎರಡೂ ಸರಿ ಅಲ್ವಾ, ಮತ್ತೆ ವ್ಯತ್ಯಾಸ ಏನು ಅಂತ. ಬಹಳ ಒಳ್ಳೇ ಪ್ರಶ್ನೆ ಕಣ್ರಿ. ಸಬ್ಜೆಕ್ಟ್ ಆಗಿ ಓದಿದ್ರೆ ಸ್ಟಡಿ, ಮಾತಾಡೋಕೆ ಬರೋ ಹಂಗೆ ರೂಢಿ ಮಾಡ್ಕೊಂಡ್ರೆ ಲರ್ನ್ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಅವಳಿಗೆ ಮನಸ್ಸಿಗೆ ಕೂರೋ ಅಂಥ ಉದಾಹರಣೆ ಬೇಕು.

ಇನ್ನೊಂದು, ನಾವು ಪಿಯುಸಿ ಓದ್ತಿದಾನೆ ಅಂತೀವಲ್ಲ, ಅದಕ್ಕೇ ಇವು ಹೀ ಈಸ್ ರೀಡಿಂಗ್ ಪಿಯುಸಿ ಅಂತ ಬರೀತಾವೆ, ಸ್ಟಡಿಯಿಂಗ್ ಅಂತ ಎಷ್ಟು ತಿದ್ದಿದ್ರೂ ಮತ್ತೆ ಅದೇ. ಗ್ರಾಮರ್ ರೂಲ್ ಬೇಡ, ಹೊಲ ಮನೆ ಅಂಗಡಿ ಮಾತಲ್ಲಿ ನಾಲ್ಕು ವಾಕ್ಯ ಕಳ್ಸಿದ್ರೆ ನಾಳೆ ಕ್ಲಾಸಲ್ಲೇ ಹೇಳ್ಕೊಡ್ತೀನಿ.